ಕೆಲಸ ಬಿಡದೆ ಪೋಕರ್ ಆಡುವವರು ಇದ್ದೀರಾ?

ಸುರತ್ಕಲ್‌ನಿಂದ ಪ್ರಶ್ನೆ: ಐಟಿ ಕೆಲಸದಲ್ಲಿದ್ದೇನೆ. ಪೋಕರಿನ ಒಂದು ಬಗೆಯಾದ ಟೆಕ್ಸಸ್ ಹೋಲ್ಡೆಮ್ ಚೆನ್ನಾಗಿ ಆಡುತ್ತೇನೆ ಅಂತ ಗೆಳೆಯರು ಹೇಳುತ್ತಾರೆ. ಗೋವಾದ ಟೂರ್ನಮೆಂಟುಗಳಲ್ಲಿ ಆಡಿ ನೋಡುವ ಆಸೆ. ಕೆಲಸ ಬಿಡುವ ಯೋಚನೆ ಇಲ್ಲ. ಅಮ್ಮನಿಗೆ ಮಾತ್ರ ಇದೂ ಒಂದೇ, ಕೋಳಿ ಅಂಕದ ಬದಿಯಲ್ಲಿ ನಡೆಯುವ ಉಲಾಯಿ-ಪಿದಾಯಿ ಅನ್ನುವ ಇಸ್ಪೀಟು ಜೂಜೂ ಒಂದೇ. ಹವ್ಯಾಸವಾಗಿ ಆಡುವವರು ಅನುಭವ ಹೇಳಿ.

ಉಡುಪಿ, ಬ್ಯಾಂಕ್ ನೌಕರ: ಉಲಾಯಿ-ಪಿದಾಯಿಯಲ್ಲಿ ಎಲೆ ಬಿದ್ದ ಕಡೆಗೆ ದುಡ್ಡು, ನಿಮ್ಮ ಕೈಯಲ್ಲಿ ಏನೂ ಇಲ್ಲ. ಪೋಕರಿನಲ್ಲಿ ಎಲೆ ಕೆಟ್ಟದಿದ್ದರೆ ಬಿಡಬಹುದು, ಹೆಚ್ಚಿನ ಸಲ ಬಿಡಲೇಬೇಕು. ಹಾಗಂತ ಅದೃಷ್ಟವೇ ಇಲ್ಲ ಅಂತ ಅಮ್ಮನಿಗೆ ಹೇಳಬೇಡಿ, ಅದು ಸುಳ್ಳು. ಶುರುವಿಗೆ ಸಿಗುವ ಎರಡು ಎಲೆಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ಎರಡು ಎಕ್ಕ, ಅದು ಕೈಗೆ ಬರುವುದು 221ರಲ್ಲಿ ಒಂದು ಸಲ. ಎದುರಿನವನ ಹತ್ತಿರ ಎರಡು ರಾಜ ಇದ್ದು, ಇಬ್ಬರೂ ಚಿಪ್ಸ್ ಪೂರ್ತಿ ಹಾಕಿದರೆ, ಐದರಲ್ಲಿ ಹತ್ತಿರ ಹತ್ತಿರ ಒಂದು ಸಲ ನೀವೇ ಸೋಲುತ್ತೀರಿ.

ನನ್ನ ಕೇಳಿದರೆ ಪ್ರತಿ ಆಟಕ್ಕೂ ಕೈಯ ದುಡ್ಡೇ ಇಡುವ ಕ್ಯಾಶ್ ಗೇಮ್ ಬೇಡ, ಟೂರ್ನಮೆಂಟ್ ಸಾಕು. ಪ್ರವೇಶ ಶುಲ್ಕ ಕಟ್ಟಿದ ಮೇಲೆ ಅದಕ್ಕಿಂತ ಜಾಸ್ತಿ ಹೋಗುವುದಿಲ್ಲ. ಆದರೆ ಅಲ್ಲೂ ರೀ-ಎಂಟ್ರಿ ಅಂತ ಒಂದು ಉಂಟು. ಔಟಾದ ಸಿಟ್ಟಿಗೆ ಮತ್ತೆ ಕಟ್ಟಿ ಕೂರೋಣ ಅನ್ನಿಸುತ್ತದೆ. ಎಷ್ಟು ಸಲ ಕಟ್ಟುವುದು ಅಂತ ಗೋವಾಕ್ಕೆ ಮತ್ಸ್ಯಗಂಧ ರೈಲು ಹತ್ತುವ ಮೊದಲೇ ತೀರ್ಮಾನ ಮಾಡಿ. ನೂರು ಜನ ಆಡಿದರೆ ಬಹುಮಾನ ಸಿಗುವುದು ಸಾಮಾನ್ಯವಾಗಿ ಹತ್ತು ಹದಿನೈದು ಜನರಿಗೆ, ಅದರಲ್ಲೂ ದೊಡ್ಡ ಪಾಲು ಮೊದಲ ಕೆಲವರಿಗೆ. ಒಳ್ಳೆ ಆಟಗಾರರೂ ಸಾಲಾಗಿ ಬರಿಗೈಯಲ್ಲಿ ಬರುತ್ತಾರೆ. ಮನೆ ಖರ್ಚು, ಉಳಿತಾಯ ಎಲ್ಲ ಕಳೆದು ವರ್ಷಕ್ಕೆ ಇಷ್ಟು ಅಂತ ತೆಗೆದಿಡಿ. ಮುಗಿದರೆ ಮುಂದಿನ ವರ್ಷ.

ಮಂಗಳೂರು, ಅಕೌಂಟೆಂಟ್: ತೆರಿಗೆ ಮರೆಯಬೇಡಿ. ಗೆದ್ದದ್ದಕ್ಕೆ 30%, ಮೇಲೆ ಸೆಸ್. ನಿಮ್ಮ ಸ್ಲ್ಯಾಬ್ ಯಾವುದಾದರೂ ಅಷ್ಟೇ. ಬೇರೆ ಟೂರ್ನಮೆಂಟಿನಲ್ಲಿ ಸೋತದ್ದನ್ನು ಕಳೆಯುವಂತಿಲ್ಲ, ರೈಲು, ಲಾಡ್ಜಿನ ಖರ್ಚನ್ನೂ ಇಲ್ಲ. ಒಂದು ಕಡೆ 1,00,000 ಗೆದ್ದು ಉಳಿದ ಕಡೆ 80,000 ಸೋತಿರಿ ಅಂತಿಟ್ಟುಕೊಳ್ಳಿ. ಉಳಿದದ್ದು 20,000, ತೆರಿಗೆ 30,000ಕ್ಕಿಂತ ಜಾಸ್ತಿ! ಸಂಬಳ ಇದ್ದವರು ಇದನ್ನು ತಡೆದುಕೊಳ್ಳಬಹುದು. ಇದರಲ್ಲೇ ಹೊಟ್ಟೆ ಹೊರೆಯುತ್ತೇನೆ ಅನ್ನುವವರ ಗತಿ ಯೋಚಿಸಿ. ನಮ್ಮ ಕಸುಬಿನವನೇ ಆದ ಕ್ರಿಸ್ ಮನಿಮೇಕರ್ 2003ರಲ್ಲಿ ಪೋಕರಿನ ವರ್ಲ್ಡ್ ಸೀರೀಸ್‌ನಲ್ಲಿ 25 ಲಕ್ಷ ಡಾಲರ್ ಗೆದ್ದ, ನಿಜ. ಅಲ್ಲಿ ಆಡಿದ್ದವರು 839 ಜನ.

ಮಣಿಪಾಲ: ಆನ್‌ಲೈನಿನಲ್ಲಿ ದುಡ್ಡಿಟ್ಟು ಕಲಿಯುವ ದಾರಿಯನ್ನು 2025ರ ಕೇಂದ್ರ ಕಾನೂನು ಮುಚ್ಚಿದೆ. ಕೌಶಲದ ಆಟ ಅಂದರೂ ವಿನಾಯಿತಿ ಇಲ್ಲ. ವಿದೇಶಿ ಆ್ಯಪಿನ ಲಿಂಕ್ ಕಳಿಸುವವರ ಸಹವಾಸ ಬೇಡ. ಊರಿನಲ್ಲಿ ದುಡ್ಡಿನ ಆಟಕ್ಕೆ ಕರೆಯುವ ರೂಮುಗಳೂ ಬೇಡ ಮಾರಾಯ್ರೆ. ಪೊಲೀಸರು ಬಂದರೆ ಪೇಪರಿನಲ್ಲಿ ‘ಇಸ್ಪೀಟು ಅಡ್ಡೆಗೆ ದಾಳಿ’ ಅಂತಲೇ ಬರುವುದು, ಟೆಕ್ಸಸ್ ಹೋಲ್ಡೆಮ್ ಅಂತ ಯಾರೂ ಬರೆಯುವುದಿಲ್ಲ.

ನಾವು ಬರೀ ಚಿಪ್ಸ್ ಇಟ್ಟು ಆಡುತ್ತೇವೆ. ಮುಗಿದ ಮೇಲೆ ಒಂದೊಂದು ಕೈ ತೆಗೆದು ಚರ್ಚೆ ಮಾಡುತ್ತೇವೆ, ಕೆಲವೊಮ್ಮೆ ಆಟಕ್ಕಿಂತ ಚರ್ಚೆಯೇ ಉದ್ದ. ಪಾಟ್‌ನಲ್ಲಿ, ಅಂದರೆ ಎಲ್ಲರೂ ಹಾಕಿದ ರಾಶಿಯಲ್ಲಿ, 1,000 ಉಂಟು, ಎದುರಿನವ 500 ಹಾಕಿದ ಅಂತಿಟ್ಟುಕೊಳ್ಳಿ. ನೀವೂ ಹಾಕಿದರೆ ಒಟ್ಟು 2,000, ಅದರಲ್ಲಿ ನಿಮ್ಮದು ಕಾಲು ಭಾಗ. ಗೆಲ್ಲುವ ಸಾಧ್ಯತೆ 25% ಆದರೂ ಇರಬೇಕು. ಫ್ಲಶ್‌ಗೆ (ಒಂದೇ ಜಾತಿಯ ಐದು ಎಲೆ) ಒಂದೇ ಎಲೆ ಕಡಿಮೆ, ಬರಲಿಕ್ಕಿರುವುದೂ ಒಂದೇ ಎಲೆ ಅಂದರೆ ಸಾಧ್ಯತೆ 20%ರ ಒಳಗೆ. ಎಲೆ ಬಂದ ಮೇಲೆ ಅವನಿಂದ ಇನ್ನಷ್ಟು ಸಿಗುತ್ತದೆ ಅನ್ನುವ ಖಾತ್ರಿ ಇಲ್ಲದಿದ್ದರೆ ಬಿಡಿ. ‘ಬಂದರೂ ಬಂತು’ ಅಂತ ಹಾಕುವವರಿಂದಲೇ ಉಳಿದವರು ಗೆಲ್ಲುವುದು.

ಕದ್ರಿ: ನಾನು ಆಡುವುದಿಲ್ಲ, ನಮ್ಮವರು ಆಡುತ್ತಾರೆ. ಗೆದ್ದ ದಿನ ಫೋನ್, ಸೋತ ದಿನ ಸುಮ್ನೆ ಇರುವುದು, ಹೀಗೆ ಮಾಡಿದರೆ ಮನೆಯವರಿಗೆ ಬೇಗ ಗೊತ್ತಾಗುತ್ತದೆ. ಶುಲ್ಕ, ಬಹುಮಾನ, ಪ್ರಯಾಣ ಎಲ್ಲ ಒಂದು ಪುಸ್ತಕದಲ್ಲಿ ಬರೆಯಿರಿ, ಅದು ಮನೆಯಲ್ಲಿ ಯಾರು ಬೇಕಾದರೂ ತೆಗೆದು ನೋಡುವ ಹಾಗಿರಲಿ. ನಮ್ಮಲ್ಲಿ ಮೊದಲೇ ಆದ ಮಾತು ಇನ್ನೊಂದು ಉಂಟು: ಆಟಕ್ಕೆ ಅಂತ ಯಾರ ಹತ್ತಿರವಾದರೂ ಕೈಸಾಲ ಕೇಳಿದರೆ, ಆ ವರ್ಷ ಗೋವಾ ಬಂದ್.