ಶುಕ್ಲಾ ಅವರ ರೆಕಾರ್ಡಿಂಗ್‌ನಲ್ಲಿ ಅರ್ಧ ಮಾತುಕತೆಯೇ ಇಲ್ಲ, ಸಹಾಯ ಮಾಡಿ

ಹಾಸನ_ಕಿವಿ:
ತಲೆ ಕೆಟ್ಟುಹೋಗಿದೆ. ಇವತ್ತು, 2025 ಜುಲೈ 4, ಗಗನಯಾತ್ರಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣದಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿದ್ದ ಮಕ್ಕಳ ಜೊತೆ ಹ್ಯಾಮ್ ರೇಡಿಯೋದಲ್ಲಿ (ಹವ್ಯಾಸಿಗಳ ರೇಡಿಯೋ) ಮಾತಾಡಿದರಲ್ಲ, ಅದನ್ನು ರೆಕಾರ್ಡ್ ಮಾಡಿದೆ. ಅರ್ಧ ಮಾತೇ ಇಲ್ಲ! ನಡುನಡುವೆ ಬರೀ ಸುಂಯ್ ಸದ್ದು. ಇಂಥ ದಿನ ಮತ್ತೆ ಯಾವಾಗ ಬರುತ್ತೋ. ಎಲ್ಲಿ ತಪ್ಪಿದೆ?

ತುಂಗಾ_ತರಂಗ:
ಡಾಪ್ಲರ್, ಅಂದ್ರೆ ನಿಲ್ದಾಣದ ವೇಗಕ್ಕೆ ಫ್ರೀಕ್ವೆನ್ಸಿ ಸರಿಯೋದು, ಬೇರೇನೂ ಅಲ್ಲ. ನಿಲ್ದಾಣ ನಮ್ಮ ಕಡೆ ಬರುವಾಗ 145.803 ಮೆಗಾಹರ್ಟ್ಸ್ ಹತ್ತಿರ, ದೂರ ಹೋಗುವಾಗ 145.797. ಅದಕ್ಕೆ ತಕ್ಕಂತೆ ಟ್ಯೂನಿಂಗ್ ತಿರುಗಿಸುತ್ತಾ ಹೋದ್ರಾ?

ಹಾಸನ_ಕಿವಿ:
ಇಲ್ಲ. 145.800ರಲ್ಲೇ ಬಿಟ್ಟಿದ್ದೆ.

ತುಂಗಾ_ತರಂಗ:
ಅದೇ ನೋಡಿ!

ಟೆರೇಸ್_ಯಾಗಿ:
ಈ 145ರ ಸುತ್ತಲಿನ ಎರಡು ಮೀಟರ್ ಬ್ಯಾಂಡ್‌ನಲ್ಲಿ ಡಾಪ್ಲರ್ ಹೆಚ್ಚೆಂದರೆ ಮೂರೂವರೆ ಕಿಲೋಹರ್ಟ್ಸ್. ಎಫ್‌ಎಂ ತಡೆದುಕೊಳ್ಳುತ್ತೆ. ತಪ್ಪು ಆಂಟೆನಾದ್ದು. ನಾನು ಹಳೇ ಅಳತೆ ಟೇಪು ಕತ್ತರಿಸಿ ಪಿವಿಸಿ ಪೈಪಿಗೆ ಕಟ್ಟಿದ ಮೂರು ಕಡ್ಡಿಯ ಯಾಗಿ (ಒಂದೇ ದಿಕ್ಕಿಗೆ ಗುರಿಯಿಡುವ ಆಂಟೆನಾ) ಹಿಡಿದು ನಿಂತಿದ್ದೆ. ಪಕ್ಕದ ಮನೆಯವರು ಮಾತಾಡಿದ ಹಾಗೆ ಕೇಳಿಸ್ತು.

ತುಂಗಾ_ತರಂಗ:
ಆಂಟೆನಾ ಸರಿಯಿಲ್ಲದಿದ್ರೆ ಏನೂ ಬರ್ತಿರಲಿಲ್ಲ. ಡಾಪ್ಲರ್ ಬಿಟ್ಟು ಬೇರೆ ಕಾರಣ ನನಗೆ ಕಾಣ್ತಿಲ್ಲ.

ಹಳೇ_ಹ್ಯಾಮ್:
ಇಬ್ಬರೂ ಸ್ವಲ್ಪ ನಿಲ್ಲಿ. ಹಾಸನದ ತಮ್ಮಾ, ಅರ್ಧ ಅಂದ್ರೆ ಯಾವ ಅರ್ಧ?

ಹಾಸನ_ಕಿವಿ:
ಶುಕ್ಲಾ ಅವರ ಉತ್ತರ ಇದೆ ಸಾರ್, ಕೊನೆಗೆ 'ಓವರ್' ಅನ್ನೋದೂ ಸ್ಪಷ್ಟವಾಗಿದೆ. ಮಕ್ಕಳ ಪ್ರಶ್ನೆ ಒಂದೂ ಇಲ್ಲ.

ಹಳೇ_ಹ್ಯಾಮ್:
ಇದನ್ನು ಮೊದಲೇ ಹೇಳಬೇಕಿತ್ತು. ನಿಮ್ಮ ರೆಕಾರ್ಡಿಂಗ್ ಸರಿಯಾಗೇ ಇದೆ. ಮಕ್ಕಳ ದನಿ ಮೇಲೆ ಹೋಗುವುದು ಬೇರೆ ಫ್ರೀಕ್ವೆನ್ಸಿಯಲ್ಲಿ. ನಿಲ್ದಾಣ ಅದನ್ನು ಕೇಳಿಸಿಕೊಳ್ಳುತ್ತೆ, ವಾಪಸ್ ಕಳಿಸಲ್ಲ. 1983ರಲ್ಲಿ ಗಗನಯಾತ್ರಿ ಓವನ್ ಗ್ಯಾರಿಯಟ್ ಕೊಲಂಬಿಯಾ ನೌಕೆಯಿಂದ ಹ್ಯಾಮ್‌ನಲ್ಲಿ ಮಾತಾಡಿದಾಗಲೂ ಹೋಗುವ, ಬರುವ ಫ್ರೀಕ್ವೆನ್ಸಿ ಹೀಗೇ ಬೇರೆ ಬೇರೆ ಇತ್ತು. ಶುಕ್ಲಾ ಸುಮಾರು 400 ಕಿ.ಮೀ. ಎತ್ತರದಲ್ಲಿದ್ದಾರೆ, ನಿಮಗೂ ಬೆಂಗಳೂರಿಗೂ ಒಟ್ಟಿಗೇ ಸಿಗ್ತಾರೆ. ಬೆಂಗಳೂರಿನ ಆಂಟೆನಾ ಮಾತ್ರ ಹಾಸನಕ್ಕೆ ಭೂಮಿಯ ಬಾಗಿನಾಚೆ. ಸುಂಯ್ ಅಂತಿರೋದು ಶುಕ್ಲಾ ಮಾತಾಡುವ ಬಟನ್ ಬಿಟ್ಟು ಪ್ರಶ್ನೆ ಕೇಳಿಸಿಕೊಳ್ಳುತ್ತಿದ್ದ ಹೊತ್ತು. ಅದನ್ನು ಕತ್ತರಿಸಬೇಡಿ. ಮೂಲ ಫೈಲ್ ಹಾಗೇ ಇರಲಿ.

ತುಂಗಾ_ತರಂಗ:
ಸರಿ ಸಾರ್. ಆದ್ರೂ ಮೊದಲ ಉತ್ತರ ಗೊರಗೊರ ಅಂತಿಲ್ವಾ?

ಹಾಸನ_ಕಿವಿ:
ಹೌದು, ಅದೊಂದು ಸ್ವಲ್ಪ ಒಡೆದಿದೆ.

ತುಂಗಾ_ತರಂಗ:
ಅದು ಡಾಪ್ಲರ್.

ಟೆರೇಸ್_ಯಾಗಿ:
ಆಂಟೆನಾ! ನಿಲ್ದಾಣ ಆಗಿನ್ನೂ ದಿಗಂತದ ಅಂಚಲ್ಲಿತ್ತು.

ಹಾಸನ_ಕಿವಿ:
ಎಲ್ಲರಿಗೂ ಧನ್ಯವಾದ. ನಾನು ಫೈಲ್ ಅಳಿಸೋದರಲ್ಲಿದ್ದೆ. ಬೆಂಗಳೂರಲ್ಲಿ ಕೇಂದ್ರದ ಹತ್ತಿರ ಕೂತು ಮಕ್ಕಳ ಪ್ರಶ್ನೆ ಹಿಡಿದವರು ಯಾರಾದ್ರೂ ಇದ್ದೀರಾ? ಎರಡನ್ನೂ ಸೇರಿಸಿ ಪೂರ್ತಿ ಮಾತುಕತೆ ಕೇಳಬೇಕು.