ಲೇತ್‌ನಲ್ಲಿ ಮಾಡಿದ ಸ್ವಿಂಗ್ ಆರ್ಮ್ ಬುಶ್ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿದೆ, ಟೇಪರ್ ಎಲ್ಲಿಂದ ಬರುತ್ತಿದೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಹಳೆಯ ಬೈಕಿನ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿಯುವ ತೋಳು) ಬುಶ್‌ಗಳು (ಶಾಫ್ಟ್ ಕೂರುವ ಲೋಹದ ಕೊಳವೆಗಳು) ಸವೆದು ಹಿಂದಿನ ಚಕ್ರ ಆಚೀಚೆ ಅಲುಗುತ್ತಿತ್ತು. ಹೊಸದು ಸಿಗಲಿಲ್ಲ. ಮನೆಯ ಚಿಕ್ಕ ಲೇತ್‌ನಲ್ಲೇ (ಕಡೆಯುವ ಯಂತ್ರ) ಗನ್‌ಮೆಟಲ್ (ತಾಮ್ರ-ತವರದ ಮಿಶ್ರಲೋಹ) ರಾಡ್‌ನಿಂದ ಮಾಡಿಕೊಳ್ಳೋಣವೆಂದು ಹೊರಟೆ. ಆರ್ಮ್‌ನ ತೂತನ್ನು ಎರಡು ಆಳದಲ್ಲಿ, ಎರಡು ದಿಕ್ಕಿನಲ್ಲಿ ಅಳೆದೆ, 24.00ರಿಂದ 24.01 ಮಿ.ಮೀ. ಇದೆ. ಬುಶ್‌ನ ಹೊರವ್ಯಾಸ 24.03 ಇರಲೆಂದು ಟರ್ನಿಂಗ್ ಮಾಡಿದೆ. ವೈಸ್‌ನಲ್ಲಿ ಒತ್ತಿದಾಗ ಅರ್ಧದವರೆಗೆ ಚೆನ್ನಾಗಿ ಹೋಯಿತು, ಆಮೇಲೆ ಜಪ್ಪಯ್ಯ ಅಂದರೂ ಕದಲಲಿಲ್ಲ. ಎಳೆದು ತೆಗೆದರೆ ಮೈಯೆಲ್ಲಾ ಗೀರು.

ಎರಡನೆಯದನ್ನು ಮಾಡಿ ಒತ್ತುವ ಮೊದಲೇ ಅಳೆದೆ. 45 ಮಿ.ಮೀ. ಉದ್ದದಲ್ಲಿ ಚಕ್ (ರಾಡ್ ಹಿಡಿಯುವ ಭಾಗ) ಕಡೆ 24.03, ಹೊರತುದಿಯಲ್ಲಿ 24.06, ಅಂದರೆ ಒಂದು ತುದಿಯಿಂದ ಇನ್ನೊಂದಕ್ಕೆ ದಪ್ಪ ಏರುವ ಟೇಪರ್ ಇದೆ. ಟೇಲ್‌ಸ್ಟಾಕ್ (ರಾಡಿನ ಹೊರತುದಿಗೆ ಆಧಾರ ಕೊಡುವ ಭಾಗ) ಬಳಸಿಲ್ಲ, ಚಕ್ಕಿನಲ್ಲಿ ಮಾತ್ರ ಹಿಡಿದಿದ್ದೆ. ಚಕ್ಕನ್ನು ತಿರುಗಿಸುವ ಹೆಡ್‌ಸ್ಟಾಕ್‌ನ ಬೋಲ್ಟ್ ಸಡಿಲಿಸಿ ಸ್ವಲ್ಪ ತಿರುಗಿಸಿದರೆ ಸರಿಹೋಗುತ್ತದೆಯೇ?

ಉತ್ತರ 1

ಟೇಲ್‌ಸ್ಟಾಕ್ ಸೆಂಟರ್ (ಆಧಾರದ ಮೊನೆ) ಪಕ್ಕಕ್ಕೆ ಸರಿದಿರಬೇಕು. ನನಗೂ ಹೀಗೇ ಆಗಿತ್ತು. ಅದರ ಪಕ್ಕದ ಸ್ಕ್ರೂ ಹೊಂದಿಸಿದ ಮೇಲೆ ಟೇಪರ್ ಹೋಯಿತು.

ಉತ್ತರ 2

ಮೇಲಿನ ಸಲಹೆ ಜಾಬನ್ನು (ಕಡೆಯುತ್ತಿರುವ ತುಂಡು) ಸೆಂಟರ್ ಕೊಟ್ಟು ಹಿಡಿದಾಗ ಸರಿ. ಇಲ್ಲಿ ಟೇಲ್‌ಸ್ಟಾಕ್ ಜಾಬನ್ನು ಮುಟ್ಟಿಯೇ ಇಲ್ಲ, ಆದ್ದರಿಂದ ಈ ಟೇಪರ್ ಅದರದ್ದಲ್ಲ.

ಹೆಡ್‌ಸ್ಟಾಕ್ ಬೋಲ್ಟನ್ನು ದಯವಿಟ್ಟು ಈಗಲೇ ಮುಟ್ಟಬೇಡಿ. ಅದು ಎಲ್ಲಾ ಮುಗಿದ ಮೇಲೆ ಕೈಹಾಕುವ ಜಾಗ. ಬೆಡ್ (ಲೇತ್‌ನ ಉದ್ದನೆಯ ತಳಭಾಗ) ತಿರುಚಿಕೊಂಡಿದ್ದು ನೀವು ಹೆಡ್‌ಸ್ಟಾಕ್ ತಿರುಗಿಸಿದರೆ ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು ಕೂರುತ್ತದೆ. ಇವತ್ತಿನ ಬುಶ್ ನೇರ ಬರಬಹುದು, ನಾಳೆ ಉದ್ದದ ಶಾಫ್ಟ್ ಹಾಕಿದಾಗ ಎಲ್ಲಿ ಏನಾಗಿದೆಯೆಂದು ಯಾರಿಗೂ ಗೊತ್ತಾಗುವುದಿಲ್ಲ.

ಮೊದಲು ಜಾಬ್ ಬಾಗಿದೆಯೇ ನೋಡೋಣ. ಟೂಲ್ ಒತ್ತಿದಾಗ ಹೊರತುದಿ ಹಿಂದಕ್ಕೆ ಬಾಗಿದರೆ ಅಲ್ಲಿ ಕಡಿಮೆ ಕಟ್ ಆಗಿ ದಪ್ಪ ಉಳಿಯುತ್ತದೆ, ಲಕ್ಷಣ ನಿಮ್ಮದರಂತೆಯೇ ಇರುತ್ತದೆ. ಆದರೆ ಲೆಕ್ಕ ಹಾಕಿ. 60 ಮಿ.ಮೀ. ಹೊರಚಾಚಿದ 24ರ ಗಟ್ಟಿ ಗನ್‌ಮೆಟಲ್ ರಾಡಿನ ತುದಿಗೆ 100 ನ್ಯೂಟನ್ ಬಲ ಬಿದ್ದರೂ ಅದು ಬಾಗುವುದು ಸುಮಾರು 0.004, ವ್ಯಾಸದಲ್ಲಿ 0.008. ಫಿನಿಶಿಂಗ್ ಕಟ್‌ಗೆ ಅಷ್ಟು ಬಲವೂ ಬೇಕಿಲ್ಲ. ಉದ್ದ ಇಮ್ಮಡಿಯಾದರೆ ಬಾಗು ಎಂಟು ಪಟ್ಟಾಗುತ್ತದೆ, ಆಗ ಮಾತು ಬೇರೆ. ಖಚಿತ ಮಾಡಿಕೊಳ್ಳಲು ಟೂಲನ್ನು ಒಳಹೊರಗೆ ಸರಿಸುವ ಕ್ರಾಸ್ ಸ್ಲೈಡ್ ಮುಟ್ಟದೆ ಅದೇ ಜಾಗದಲ್ಲಿ ಎರಡು ಮೂರು ಸಲ ಟೂಲ್ ಓಡಿಸಿ. ಬಾಗುವಿಕೆಯೇ ಕಾರಣವಾಗಿದ್ದರೆ ಪ್ರತಿ ಸಲವೂ ಹೊರತುದಿಯಲ್ಲಿ ಸ್ವಲ್ಪ ಸ್ವಲ್ಪ ಚಿಪ್ಸ್ ಬಂದು ಟೇಪರ್ ಕಡಿಮೆಯಾಗುತ್ತಾ ಹೋಗುತ್ತದೆ. ಕಡಿಮೆಯಾಗದಿದ್ದರೆ ದೋಷ ಯಂತ್ರದ್ದು.

ಆಮೇಲೆ ಎರಡು ಕಾಲರ್ ಪರೀಕ್ಷೆ ಮಾಡಿ. 25ರ ರಾಡನ್ನು ಚಕ್ಕಿನಿಂದ ಸುಮಾರು 80 ಮಿ.ಮೀ. ಹೊರಗೆ ಬಿಡಿ, ನಡುವೆ ತಗ್ಗಿಸಿ ಎರಡು ಕಡೆ 10 ಮಿ.ಮೀ. ಅಗಲದ ಕಾಲರ್ (ಉಬ್ಬಿದ ಪಟ್ಟಿ) ಉಳಿಸಿ. ಚೂಪಾದ ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಟೂಲ್‌ನಿಂದ 0.1 ಆಳದ ಒಂದೇ ಕಟ್‌ನಲ್ಲಿ ಎರಡನ್ನೂ ದಾಟಿಸಿ. ಕಾರ್ಬೈಡ್ ಇನ್ಸರ್ಟ್ ಬೇಡ. ಕಟ್‌ನ ಆಳ ಇನ್ಸರ್ಟ್ ಮೂಗಿನ ತ್ರಿಜ್ಯಕ್ಕಿಂತ ಕಡಿಮೆಯಾದಾಗ ಅದು ಜಾಬನ್ನು ಹಿಂದಕ್ಕೆ ನೂಕುವುದೇ ಹೆಚ್ಚು. ಮೈಕ್ರೋಮೀಟರ್ ಹಿಡಿಯುವ ಮೊದಲು ಜಾಬ್ ಪೂರ್ತಿ ತಣ್ಣಗಾಗಲಿ. 24ರ ಗನ್‌ಮೆಟಲ್ ಕೋಣೆಯ ತಾಪಕ್ಕಿಂತ 40 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ 0.017 ದಪ್ಪ ತೋರಿಸುತ್ತದೆ.

ಒಂದು ಮಾತು: ಲೇತನ್ನು ಇತ್ತೀಚೆಗೆ ಬೇರೆ ಟೇಬಲ್ಲಿಗೆ ಬದಲಿಸಿದ್ದೀರಾ?

ಪ್ರಶ್ನೆ ಕೇಳಿದವರು

ಹೌದು ಸರ್, ಎರಡು ತಿಂಗಳ ಹಿಂದೆ ಮರದ ಟೇಬಲ್ಲಿನಿಂದ ಕಬ್ಬಿಣದ ಸ್ಟ್ಯಾಂಡಿಗೆ ಹಾಕಿದೆ. ನಾಲ್ಕು ಬೋಲ್ಟನ್ನೂ ಚೆನ್ನಾಗಿ ಬಿಗಿದೆ, ಅದೇ ತಪ್ಪಾಯಿತೇ? ನೀವು ಹೇಳಿದಂತೆ ಮೂರು ಸಲ ಓಡಿಸಿದೆ, ಟೇಪರ್ ಹಾಗೇ ಇದೆ. ಕಾಲರ್ ಪರೀಕ್ಷೆಯಲ್ಲಿ 60 ಮಿ.ಮೀ. ಅಂತರಕ್ಕೆ ಹೊರಗಿನ ಕಾಲರ್ 0.04 ದಪ್ಪ.

ಉತ್ತರ 2

45ಕ್ಕೆ 0.03, 60ಕ್ಕೆ 0.04. ಎರಡೂ ಒಂದೇ ಇಳಿಜಾರು, ನಿಮ್ಮ ಅಳತೆ ನಂಬಬಹುದು. ಬೆಡ್ ತಿರುಚಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಚಿಕ್ಕ ಲೇತ್‌ನ ಬೆಡ್ ನೋಡಲು ಗಟ್ಟಿ, ಆದರೆ ಸಮತಟ್ಟಿಲ್ಲದ ಸ್ಟ್ಯಾಂಡಿಗೆ ಬೋಲ್ಟ್ ಬಿಗಿದರೆ ಬಗ್ಗಿಯೇ ಬಗ್ಗುತ್ತದೆ.

ಡಯಲ್ ಗೇಜಿನ ಮೊನೆಯನ್ನು ಲೇತ್ ಪಾದದ ಮೇಲೆ ಕೂರಿಸಿ, ಸ್ಟ್ಯಾಂಡನ್ನು ಆಧಾರವಾಗಿಟ್ಟು ಬೋಲ್ಟನ್ನು ನಿಧಾನವಾಗಿ ಸಡಿಲಿಸಿ. ಒಂದೊಂದೇ ಪಾದ ನೋಡಿ, ನೋಡಿದ್ದನ್ನು ಮತ್ತೆ ಬಿಗಿದು ಮುಂದಿನದಕ್ಕೆ ಹೋಗಿ. ಯಾವ ಪಾದ ಮೇಲಕ್ಕೆ ಚಿಮ್ಮುತ್ತದೋ ಅದರ ಕೆಳಗೆ ಸಂದಿಯಿದೆ. ಟೇಲ್‌ಸ್ಟಾಕ್ ಕಡೆಯ, ನೀವು ನಿಲ್ಲುವ ಬದಿಯ ಪಾದವೇ ಇರಬೇಕು ಎಂದು ನನ್ನ ಊಹೆ. ಆ ಮೂಲೆ ಕೆಳಗೆ ಎಳೆದುಕೊಂಡರೆ ಅಲ್ಲಿಗೆ ಹೋದ ಕ್ಯಾರೇಜ್ (ಟೂಲ್ ಹೊತ್ತು ಬೆಡ್ ಮೇಲೆ ಸರಿಯುವ ಭಾಗ) ನಿಮ್ಮ ಕಡೆ ವಾಲುತ್ತದೆ, ಟೂಲ್ ಜಾಬಿನಿಂದ ದೂರವಾಗುತ್ತದೆ, ಹೊರತುದಿ ದಪ್ಪ ಉಳಿಯುತ್ತದೆ.

ಪ್ರಶ್ನೆ ಕೇಳಿದವರು

ಅದೇ ಪಾದ! ಬೋಲ್ಟ್ ಸಡಿಲವಾಗುತ್ತಿದ್ದಂತೆ ಮುಳ್ಳು 0.12 ಓಡಿತು. ಉಳಿದ ಮೂರೂ 0.02ರ ಒಳಗೆ. ಸಂದಿ ತುಂಬಲು ಶಿಮ್ ತಗಡು ಇಲ್ಲ, ಫೀಲರ್ ಗೇಜಿನ (ಸಂದಿ ಅಳೆಯುವ ಸಾಧನ) ಎಲೆ ಇಡಬಹುದೇ?

ಉತ್ತರ 2

ಇಡಬಹುದು. ತಂಪು ಪಾನೀಯದ ಅಲ್ಯೂಮಿನಿಯಂ ಕ್ಯಾನಿನ ತಗಡೂ ಸುಮಾರು 0.1 ದಪ್ಪ ಇರುತ್ತದೆ, ಚೂರು ಬಾಗಿರದಂತೆ ಕತ್ತರಿಸಿ. ಬೋಲ್ಟಿನ ಸುತ್ತಲೂ ಬರುವಂತೆ ತೂತು ಮಾಡಿ ಇಡಿ, ಪಾದದ ಒಂದೇ ಅಂಚಿಗೆ ಬೇಡ. ಮತ್ತೆ ಕಾಲರ್ ಮೇಲೆ ಹೊಸ ಕಟ್ ಕೊಟ್ಟು ಅಳೆಯಿರಿ. ಲೇತ್ ಮಟ್ಟವಾಗಿರುವುದು ಮುಖ್ಯವಲ್ಲ, ತಿರುಚದೆ ಇರುವುದು ಮುಖ್ಯ. ಕೊನೆಯ ಮಾತು ಕಾಲರ್‌ಗಳದ್ದೇ.

ಉತ್ತರ 3

ಒತ್ತುವ ವಿಷಯಕ್ಕೆ ಸೇರಿಸುತ್ತೇನೆ. ವೈಸ್ ಬದಲು ಉದ್ದನೆಯ ಬೋಲ್ಟ್, ನಟ್, ದಪ್ಪ ವಾಷರ್ ಬಳಸಿ ಎಳೆದು ಕೂರಿಸಿ, ಬುಶ್ ಓರೆಯಾಗುವುದಿಲ್ಲ. ಬುಶ್ಶನ್ನು ರಾತ್ರಿ ಫ್ರೀಜರ್‌ನಲ್ಲಿಡಿ. 25 ಡಿಗ್ರಿಯಿಂದ ಮೈನಸ್ 18ಕ್ಕೆ ಇಳಿದರೆ 24ರ ಗನ್‌ಮೆಟಲ್ ಸುಮಾರು 0.018 ಕುಗ್ಗುತ್ತದೆ, ಬಿಗಿತದ ಬಹುಪಾಲು ಅಲ್ಲೇ ಸಡಿಲವಾಗುತ್ತದೆ. ಹೊರತೆಗೆದ ಕೂಡಲೇ ಕೂರಿಸಿ. ಮೊದಲ ಬುಶ್ ಗೀರಿದ ತೂತನ್ನು ಒಮ್ಮೆ ಮತ್ತೆ ಅಳೆದುಕೊಳ್ಳುವುದು ಒಳ್ಳೆಯದು.

ಒಳತೂತನ್ನು ಈಗಲೇ ಶಾಫ್ಟ್ ಅಳತೆಗೆ ಮಾಡಬೇಡಿ. ಬಿಗಿಯಾಗಿ ಕೂತ ಮೇಲೆ ಅದು ಒಳಕ್ಕೆ ಕುಗ್ಗುತ್ತದೆ. ಎರಡೂ ಬುಶ್ ಕೂರಿಸಿ, ಒಂದರಲ್ಲಿ ಗೈಡ್ ಬುಶ್ ಹಾಕಿ, ಉದ್ದ ಹಿಡಿಯ ರೀಮರ್‌ನಿಂದ (ತೂತನ್ನು ನಿಖರ ಅಳತೆಗೆ ತರುವ ಟೂಲ್) ಇನ್ನೊಂದನ್ನು ಮಾಡಿ. ಆಗಲೇ ಎರಡೂ ಒಂದೇ ಸಾಲಿಗೆ ಬರುವುದು.

ಪ್ರಶ್ನೆ ಕೇಳಿದವರು

0.10ರ ಎಲೆ ಇಟ್ಟ ಮೇಲೆ 60 ಮಿ.ಮೀ.ಗೆ ವ್ಯತ್ಯಾಸ 0.005. ಹೊಸ ಬುಶ್ 24.030 ಮತ್ತು 24.033. ಆರ್ಮ್‌ನ ತೂತು ಮತ್ತೆ ಅಳೆದೆ, ಬದಲಾಗಿಲ್ಲ. ಫ್ರೀಜರ್‌ನಿಂದ ತೆಗೆದು ಬೋಲ್ಟ್ ತಿರುಗಿಸಿದರೆ ಸ್ಪ್ಯಾನರ್‌ಗೆ ಹೆಚ್ಚು ಬಲವೇ ಬೇಕಾಗಲಿಲ್ಲ, ಎರಡೂ ಕೊನೆಯವರೆಗೆ ಕೂತವು. ಒಳತೂತು 15.90 ಇದ್ದದ್ದು 15.88 ಆಗಿತ್ತು. 16ರ ರೀಮರ್ ಓಡಿಸಿದೆ, ಶಾಫ್ಟ್ 15.97, ಗ್ರೀಸ್ ಹಚ್ಚಿದ ಮೇಲೆ ಕೈಯಲ್ಲೇ ಎರಡೂ ಬುಶ್ ದಾಟುತ್ತದೆ. ಚಕ್ರ ಹಿಡಿದು ಅಲ್ಲಾಡಿಸಿದರೆ ಈಗ ಎಲ್ಲೂ ಅಲುಗುತ್ತಿಲ್ಲ. ಹೆಡ್‌ಸ್ಟಾಕ್ ಮುಟ್ಟದಂತೆ ತಡೆದಿರಿ, ತುಂಬಾ ಉಪಕಾರವಾಯಿತು ಸರ್. ಫೀಲರ್ ಎಲೆ ತೆಗೆದು ಸರಿಯಾದ ಶಿಮ್ ಇಟ್ಟ ಮೇಲೆ ಕಾಲರ್ ಪರೀಕ್ಷೆ ಮತ್ತೊಮ್ಮೆ ಮಾಡಿ ಇಲ್ಲೇ ಬರೆಯುತ್ತೇನೆ.