ಪಿಯುಸಿ ಅಂಕ ಕಡಿಮೆ ಇದ್ದರೆ ಫಿಸಿಯೋಥೆರಪಿಗೆ ಸೀಟು ಸಿಗುತ್ತದೆಯೇ?

ಪ್ರಶ್ನೆ (ಚಿಂತಾಮಣಿ): ನನ್ನ ತಂಗಿ ದ್ವಿತೀಯ ಪಿಯುಸಿಯ ಪರೀಕ್ಷೆ-1ರಲ್ಲಿ ಒಟ್ಟು ಶೇ. 61 ಪಡೆದಿದ್ದರೂ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದಲ್ಲಿ ಅಂಕಗಳು ನಲವತ್ತರ ಆಸುಪಾಸಿನಲ್ಲಿವೆ. ಅವಳಿಗೆ ಬಿಪಿಟಿ (ಫಿಸಿಯೋಥೆರಪಿ ಪದವಿ) ಓದುವ ಆಸೆ. ಒಂದು ವರ್ಷ ಕಾಯಬೇಕೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ (ತುಮಕೂರು): ವರ್ಷ ಕಾಯುವ ಅಗತ್ಯವಿಲ್ಲ. 2024ರಿಂದ ಪಿಯುಸಿ ಪರೀಕ್ಷಾ ಮಂಡಳಿಯು ಒಂದೇ ಸಾಲಿನಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳನ್ನು ನಡೆಸುತ್ತಿದ್ದು, ಉತ್ತೀರ್ಣರಾದವರೂ ಪರೀಕ್ಷೆ-2ಕ್ಕೆ ಕುಳಿತು ಹೆಚ್ಚಿನ ಅಂಕವನ್ನು ಉಳಿಸಿಕೊಳ್ಳಬಹುದು. ಒಟ್ಟು ಶೇಕಡಾವಾರನ್ನು ನೋಡಿ ಸಮಾಧಾನಪಡಬೇಡಿ, ಏಕೆಂದರೆ ಕನ್ನಡದಲ್ಲಿ ತೊಂಬತ್ತು ಬಂದಿದ್ದರೂ ಈ ಕೋರ್ಸಿಗೆ ಮುಖ್ಯವಾಗುವುದು ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರ. ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಈ ಸಾಲಿನ ಮಾಹಿತಿ ಪುಸ್ತಿಕೆಯನ್ನೇ ಓದಿ. ಹಳೆಯ ವರ್ಷದವರ ಮಾತು (ನನ್ನದೂ ಸೇರಿ) ನಿಯಮ ಬದಲಾದರೆ ಉಪಯೋಗಕ್ಕೆ ಬಾರದು.

ಉತ್ತರ (ಕೋಲಾರ): ನಾನು ಸಾಧಾರಣ ಅಂಕಗಳಲ್ಲೇ ಆಡಳಿತ ಮಂಡಳಿ ಕೋಟಾದಲ್ಲಿ ಸೇರಿದವಳು. ಹಣ ಕಟ್ಟುವ ಮೊದಲು, ಆ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕಾಗಲಿ ಮಾನ್ಯತೆಯುಳ್ಳ ಬೇರೆ ವಿಶ್ವವಿದ್ಯಾಲಯಕ್ಕಾಗಲಿ ಸೇರಿದೆಯೇ, ರೋಗಿಗಳು ನಿಜವಾಗಿಯೂ ಬರುವ ಆಸ್ಪತ್ರೆ ಅದಕ್ಕಿದೆಯೇ ಎಂದು ನೀವೇ ಹೋಗಿ ನೋಡಿ. ದಲ್ಲಾಳಿಗಳ ಮೂಲಕ ಹೋಗಬೇಡಿ. ನಮ್ಮ ಕಾಲದಲ್ಲಿ ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷವಿತ್ತು, ಮೊದಲ ವರ್ಷದ ಅಂಗರಚನಾಶಾಸ್ತ್ರದಲ್ಲೇ ಹಲವರು ಎಡವಿದರು. ಸೀಟಿಗಿಂತ ಆ ಓದಿನ ಚಿಂತೆಯೇ ದೊಡ್ಡದು. ತಂಗಿಗೆ ಪಾರ್ಶ್ವವಾಯು ರೋಗಿಗಳಿಗೆ ಕೈಕಾಲು ಆಡಿಸುವ ವ್ಯಾಯಾಮ ಮಾಡಿಸುವುದನ್ನು ಒಂದೆರಡು ದಿನ ತೋರಿಸಿ.

ಪ್ರಶ್ನೆ ಕೇಳಿದವರು: ಧನ್ಯವಾದಗಳು ಮೇಡಂ. ಪರೀಕ್ಷೆ-2ಕ್ಕೆ ನೋಂದಾಯಿಸುತ್ತೇವೆ, ಪುಸ್ತಿಕೆಯನ್ನು ಇಂದೇ ತೆಗೆದು ನೋಡುತ್ತೇನೆ.